ಹಂದಿಗಳಿಗೆ ಜೀವಂತ ಲಸಿಕೆ: ರಕ್ಷಣೆಯೂ ಉಂಟು, ಅಪಾಯವೂ ಉಂಟು

ಕೊಡಗಿನಲ್ಲಿ ಕಾಫಿ ತೋಟದ ಜೊತೆಗೆ ಹಂದಿ ಸಾಕಣೆ ಹಿಂದಿನಿಂದ ಬಂದ ಉಪಕಸುಬು. 2022ರಲ್ಲಿ ನೆರೆಯ ವಯನಾಡಿನಲ್ಲಿಯೂ ಅನಂತರ ಮಡಿಕೇರಿ ಸಮೀಪದ ಗಾಳಿಬೀಡಿನಲ್ಲಿಯೂ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. ಅಂದಿನಿಂದ ‘ಇದಕ್ಕೆ ಲಸಿಕೆ ಇಲ್ಲವೇ?’ ಎಂಬುದು ಸಾಕಣೆದಾರರ ಮೊದಲ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಎರಡು ಜ್ವರಗಳನ್ನು ಬೇರೆ ಬೇರೆಯಾಗಿ ಅರಿಯಬೇಕು.

ಹಂದಿ ಜ್ವರದ ಲಸಿಕೆ

ಜೀವಂತ ಲಸಿಕೆಯಲ್ಲಿ ರೋಗದ ವೈರಸ್ ಸತ್ತಿರುವುದಿಲ್ಲ. ಅದರ ಶಕ್ತಿಯನ್ನು ಮಾತ್ರ ಕುಂದಿಸಲಾಗಿರುತ್ತದೆ. ಅದು ಹಂದಿಯ ದೇಹದಲ್ಲಿ ಸ್ವಲ್ಪ ಮಟ್ಟಿಗೆ ಬೆಳೆದು ರೋಗನಿರೋಧಕ ಶಕ್ತಿಯನ್ನು ಉಂಟುಮಾಡುತ್ತದೆ. ಸಾಮಾನ್ಯ ಹಂದಿ ಜ್ವರದ ವೈರಸ್ಸನ್ನು ಮೊಲಗಳಲ್ಲಿ ಅನೇಕ ಬಾರಿ ದಾಟಿಸಿ ಹೀಗೆ ಪಳಗಿಸಲಾಯಿತು. ಈ ಲಸಿಕೆ ದೀರ್ಘಕಾಲದ ಬಳಕೆಯಲ್ಲಿ ಸುರಕ್ಷಿತವೆಂದು ಕಂಡುಬಂದಿದೆ. ಆದರೆ ಇದು ಆಫ್ರಿಕನ್ ಹಂದಿ ಜ್ವರವನ್ನು ತಡೆಯಲಾರದು. ಎರಡರ ಲಕ್ಷಣಗಳು ಹೋಲುತ್ತವೆ, ವೈರಸ್ಸುಗಳು ಮಾತ್ರ ಬೇರೆ.

ಹೊರನಾಡಿನ ಅನುಭವ

1960ರ ದಶಕದಲ್ಲಿ ಪೋರ್ಚುಗಲ್‌ನಲ್ಲಿ ಆಫ್ರಿಕನ್ ಹಂದಿ ಜ್ವರಕ್ಕೆ ಜೀವಂತ ಲಸಿಕೆ ಹಾಕಲಾಯಿತು. ಅನೇಕ ಹಂದಿಗಳಿಗೆ ನ್ಯುಮೋನಿಯಾ, ಕುಂಟು, ಗರ್ಭಪಾತ ಉಂಟಾದವು. ಬದುಕುಳಿದವು ದೀರ್ಘಕಾಲ ರೋಗ ಹೊತ್ತು ತಿರುಗಿದವು. 2022ರಲ್ಲಿ ವಿಯೆಟ್ನಾಂ ಹೊಸ ಲಸಿಕೆಗೆ ಅನುಮತಿ ನೀಡಿತು. ಅದು 8ರಿಂದ 10 ವಾರದ ಮಾಂಸದ ಹಂದಿಗಳಿಗೆಂದು ತಯಾರಾದುದು. ನಿಗದಿಯಾಗದ ಹಂದಿಗಳಿಗೂ ಹಾಕಿದ ಕಡೆ ಸಾವುಗಳಾಗಿ, ಕೆಲಕಾಲ ಬಳಕೆ ನಿಲ್ಲಿಸಬೇಕಾಯಿತು. 2023ರಲ್ಲಿ ಮತ್ತೆ ಅನುಮತಿ ದೊರೆಯಿತು. ಭಾರತದಲ್ಲಿ ಈ ರೋಗಕ್ಕೆ ಅಂಗೀಕೃತ ಲಸಿಕೆ ಇಲ್ಲ. ಯಾರಾದರೂ ಗುಟ್ಟಾಗಿ ಶೀಶೆ ತಂದುಕೊಟ್ಟರೆ ಅದು ರೋಗವನ್ನೇ ಕೊಂಡುತಂದಂತೆ.

ಸೂಜಿಯಿಂದ ಬರುವ ಅಪಾಯ

ಸೋಂಕು ತಗುಲಿದ ಹಂದಿ ಮೊದಲ ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಚುಚ್ಚಿದ ಸೂಜಿಯನ್ನೇ ಉಳಿದವಕ್ಕೆ ಬಳಸಿದರೆ ಒಂದೇ ದಿನದಲ್ಲಿ ಗೂಡಿಗೆಲ್ಲ ರೋಗ ಹರಡೀತು. ಆಗ ದೂರು ಬರುವುದು ಲಸಿಕೆಯ ಮೇಲೆ.

ಅನುಸರಿಸಬೇಕಾದ ಕ್ರಮಗಳು

1. ಹಂದಿ ಜ್ವರದ ಲಸಿಕೆಯನ್ನು ಪಶುವೈದ್ಯರಿಂದಲೇ, ಆರೋಗ್ಯವಾಗಿರುವ ಹಂದಿಗಳಿಗೆ ಮಾತ್ರ ಹಾಕಿಸಬೇಕು. ಗಬ್ಬದ ಹಂದಿ ಇದ್ದರೆ ಮುಂಚೆಯೇ ತಿಳಿಸಬೇಕು.

2. ಪ್ರತಿ ಹಂದಿಗೂ ಬೇರೆ ಸೂಜಿ ಬಳಸಬೇಕು.

3. ಲಸಿಕೆಯನ್ನು ಐಸ್ ಪೆಟ್ಟಿಗೆಯಲ್ಲಿಯೇ ಸಾಗಿಸಬೇಕು. ಬಿಸಿಲು ತಗುಲಿದರೆ ವೈರಸ್ ಸತ್ತು ಲಸಿಕೆ ನಿಷ್ಫಲವಾಗುತ್ತದೆ.

4. ಹೋಟೆಲಿನ ಎಂಜಲನ್ನು ಕುದಿಸದೆ ತಿನ್ನಿಸಬಾರದು. ಕಾಡುಹಂದಿ ಗೂಡಿನ ಬಳಿ ಸುಳಿಯದಂತೆ ಭದ್ರವಾದ ಬೇಲಿ ಹಾಕಬೇಕು.

5. ಹೊಸದಾಗಿ ತಂದ ಹಂದಿಗಳನ್ನು ಒಂದು ತಿಂಗಳು ಪ್ರತ್ಯೇಕವಾಗಿಡಬೇಕು.

6. ತೀವ್ರ ಜ್ವರ, ಕಿವಿ ಹೊಟ್ಟೆಗಳ ಚರ್ಮ ಕೆಂಪಾಗುವುದು, ಹಠಾತ್ ಸಾವು ಕಂಡೊಡನೆ ಪಶು ಆಸ್ಪತ್ರೆಗೆ ತಿಳಿಸಬೇಕು. ಉಳಿದ ಹಂದಿಗಳನ್ನು ಮಾರುವುದಾಗಲಿ, ಸತ್ತುದನ್ನು ಹೊಳೆಗೆ ಎಸೆಯುವುದಾಗಲಿ ಕೂಡದು.

ಆಫ್ರಿಕನ್ ಹಂದಿ ಜ್ವರದ ಮಟ್ಟಿಗೆ ಗೂಡಿನ ಶುಚಿತ್ವ ಮತ್ತು ಬೇಲಿಯೇ ಇಂದಿನ ಲಸಿಕೆ.