ಎಚ್‌ಡಿಆರ್ ಪ್ಲೇಯರ್: ಮಾರುವ ಮುನ್ನ

ಮೀಡಿಯಾ ಪ್ಲೇಯರ್‌ನ ಪೆಟ್ಟಿಗೆಯ ಮೇಲೆ ‘4ಕೆ ಎಚ್‌ಡಿಆರ್’ ಎಂದಿದ್ದ ಮಾತ್ರಕ್ಕೆ ಎಲ್ಲವೂ ಸಮಾನವೆಂದು ವರ್ತಕರು ಭಾವಿಸಬಾರದು. ಎಚ್‌ಡಿಆರ್10ರಲ್ಲಿ ಬೆಳಕಿನ ಸೂಚನೆ ಇಡೀ ಚಿತ್ರಕ್ಕೆ ಒಂದೇ. ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್‌ಗಳಲ್ಲಿ ಅದು ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತದೆ. ಆಪಲ್ ಟಿವಿ 4ಕೆ 2017ರಲ್ಲೇ ಡಾಲ್ಬಿ ವಿಷನ್ ಹೊಂದಿತ್ತು. ಎಚ್‌ಡಿಆರ್10 ಪ್ಲಸ್ ಸೇರಿದ್ದು 2022ರ ಮಾದರಿಯಲ್ಲಿ.

ಗ್ರಾಹಕರ ಟಿವಿ ಯಾವುದೆಂದು ಮೊದಲು ವಿಚಾರಿಸುವುದು ಲೇಸು. 2024ರವರೆಗಿನ ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ. ಡಾಲ್ಬಿ ವಿಷನ್‌ನ ಐದನೆಯ ಪ್ರೊಫೈಲ್‌ನ ಕಡತದಲ್ಲಿ ಎಚ್‌ಡಿಆರ್10 ಪದರವೇ ಇರುವುದಿಲ್ಲ; ಅದನ್ನು ಅರಿಯದ ಪ್ಲೇಯರ್‌ನಲ್ಲಿ ಚಿತ್ರವು ನೇರಳೆ, ಹಸಿರು ಬಣ್ಣ ತಳೆಯುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಆದರೂ ಸರಕು ಹಿಂದಿರುಗುವುದು ಅಂಗಡಿಗೇ! ನಡುವೆ ಆಡಿಯೋ ರಿಸೀವರ್ ಇದ್ದಲ್ಲಿ ಅದಕ್ಕೂ ಎಚ್‌ಡಿಸಿಪಿ 2.2 ಬೇಕು, ಇಲ್ಲವಾದರೆ ಒಟಿಟಿ ಚಿತ್ರಗಳು 4ಕೆಯಲ್ಲಿ ಮೂಡವು.