ಹಳ್ಳದ ಮೀನಿಗೆ ಮೀಸೆ ಎಷ್ಟು?

ಮಳೆ ಕೈಹಿಡಿದ ವರ್ಷ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯಲ್ಲಿ ಕೆರೆ ಕೋಡಿ ಬಿದ್ದರೆ ಸಾಕು, ಹಳ್ಳಕ್ಕೆ ಬಲೆ ಬೀಳುತ್ತದೆ. ಬಲೆ ಇಲ್ಲದ ಹುಡುಗರು ಟವೆಲನ್ನೇ ಹರವಿ ಹಿಡಿಯುತ್ತಾರೆ. ಸಿಕ್ಕಿದ ಕಟ್ಲ, ರೋಹುಗಳ ಹೆಸರು ಎಲ್ಲರಿಗೂ ಗೊತ್ತು. ಅವು ಕೆರೆಗೆ ತಂದು ಬಿಟ್ಟ ಮರಿಗಳ ಪೈಕಿ, ಮೂಲ ಉತ್ತರದ ಗಂಗೆಯ ಬಯಲಿನವು. ಟವೆಲಿನಲ್ಲಿ ಪಟಪಟನೆ ಹಾರುವ ಬೆರಳುದ್ದದವು ಮಾತ್ರ ಒಟ್ಟಾಗಿ ‘ಸಣ್ಣ ಮೀನು’. ಇಲ್ಲಿನ ನೀರಿನ ಹಳೇ ಒಕ್ಕಲು ಅವೇ ಆದರೂ ಬೇರೆ ಬೇರೆಯಾಗಿ ಗುರುತಿಸುವವರು ಕಡಿಮೆ.

ಗುರುತಿಸುವುದು ಕಷ್ಟವೇನಲ್ಲ, ಬಣ್ಣವನ್ನು ನಂಬದಿದ್ದರೆ. ಕೆಂಪು ಮಣ್ಣು ಕದಡಿದ ನೀರಿನಲ್ಲಿ ಮೀನು ಬಿಳಚಿಕೊಳ್ಳುತ್ತದೆ, ಮೊಟ್ಟೆಯಿಡುವ ಕಾಲಕ್ಕೆ ಗಂಡು ರಂಗೇರುತ್ತದೆ, ಸತ್ತ ಮೇಲೆ ಎರಡೂ ಒಂದೇ. ನೋಡಬೇಕಾದದ್ದು ಮೀಸೆ ಮತ್ತು ಚುಕ್ಕೆ. ಬಯಲುಸೀಮೆಯ ನೀರಿನಲ್ಲಿ ಸಾಮಾನ್ಯವಾದ, ಪಕ್ಕೆ ಅಗಲವಾದ ಪುಟ್ಟ ಗೆಂಡೆ ಬಗೆಯ ಮೀನುಗಳನ್ನೇ ತೆಗೆದುಕೊಳ್ಳಿ. ಬಾಯಿಯ ಅಂಚಿನಲ್ಲಿ ಒಂದು ಜೊತೆ ಎಳೆ ಮೀಸೆ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ಬಹುಶಃ ಪಂಟಿಯಸ್ ಚೋಲ. ಮೀಸೆಯೇ ಇಲ್ಲದೆ, ಬಾಲದ ಬುಡದಲ್ಲೊಂದು, ಬೆನ್ನುರೆಕ್ಕೆಯ ಬುಡದಲ್ಲೊಂದು ಚುಕ್ಕೆಯಿದ್ದರೆ ಪಂಟಿಯಸ್ ಸೋಫೋರ್. ಮೀಸೆಯಿಲ್ಲದೆ, ಒಂದು ಚುಕ್ಕೆ ಕಿವಿರಿನ ಹಿಂದೆ, ಇನ್ನೊಂದು ಬಾಲಕ್ಕೆ ಸ್ವಲ್ಪ ಮುಂಚೆ ಇದ್ದರೆ ಪೆಥಿಯ ಟಿಕ್ಟೊ. ಅನುಮಾನ ಉಳಿದರೆ ಟಿಕ್ಟೊದ ಬೆನ್ನುರೆಕ್ಕೆಯ ಗಟ್ಟಿ ಮುಳ್ಳನ್ನು ಹಿಂಬದಿಯಿಂದ ಬೆರಳಲ್ಲಿ ಸವರಿದರೆ ಗರಗಸದ ಹಲ್ಲು ತಾಗುತ್ತದೆ, ಸೋಫೋರ್‌ನದು ನುಣುಪು. ಎರಡು ಜೊತೆ ಮೀಸೆ ಕಂಡರೆ ಅದು ಇವುಗಳಿಗಿಂತ ದೊಡ್ಡದಾಗಿ ಬೆಳೆಯುವ ಸರಾನದ ಮರಿ ಇರಬಹುದು. ಹಿಂದೆ ಇವೆಲ್ಲ ಪಂಟಿಯಸ್ ಎಂಬ ಒಂದೇ ಕುಲದಲ್ಲಿದ್ದವು. 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಗೊಡ ಮತ್ತು ಸಂಗಡಿಗರು ಆ ಕುಲವನ್ನು ಒಡೆದರು, ಹಾಗಾಗಿ ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು.

ಚೋಲ, ಸೋಫೋರ್, ಟಿಕ್ಟೊ ಮೂರಕ್ಕೂ ಹೆಸರಿಟ್ಟವನು ಒಬ್ಬನೇ, ಮಧುಗಿರಿ ಸೀಮೆಯನ್ನು ಕಣ್ಣಾರೆ ಕಂಡವನು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ ಮಧುಗಿರಿ, ಸಿರಾಗಳ ಬೆಳೆ, ಕೆರೆ, ಕಸುಬುಗಳನ್ನು ಬರೆದುಕೊಂಡು ಹೋದ ವೈದ್ಯ ಫ್ರಾನ್ಸಿಸ್ ಬುಕಾನನ್. ಮುಂದೆ ತಾಯಿ ಕಡೆಯ ಹ್ಯಾಮಿಲ್ಟನ್ ಹೆಸರು ಧರಿಸಿದ ಆತ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ. ಇವತ್ತು ಜಗತ್ತಿನ ಪ್ರಯೋಗಾಲಯಗಳಲ್ಲಿ ಸಾಕುವ ಜೀಬ್ರಾ ಮೀನಿಗೂ ವೈಜ್ಞಾನಿಕ ಹೆಸರು ಸಿಕ್ಕಿದ್ದು ಅದರಲ್ಲೇ. ಮೂತಿಯಿಂದ ಬಾಲದವರೆಗೆ ಕಪ್ಪು ಗೆರೆ ಎಳೆದಂತಿರುವ, ನಮ್ಮ ಹಳ್ಳಗಳಲ್ಲಿ ಗುಂಪುಗುಂಪಾಗಿ ಓಡುವ ರಾಸ್ಬೋರ ಡ್ಯಾನಿಕೋನಿಯಸ್ ಸಹ ಅವನದೇ ಪಟ್ಟಿಯದು.

ಮೇಲ್ನೀರಿನ ಮೀನುಗಳನ್ನು ಬಿಟ್ಟು ತಳಕ್ಕೆ ಬಂದರೆ ಬೇರೆಯೇ ಸಂಸಾರ. ಮರಳಿನಲ್ಲಿ ಹೂತುಕೊಂಡು ಮೂತಿ ಮಾತ್ರ ಹೊರಗಿಡುವ, ಮಚ್ಚೆ ಮಚ್ಚೆಯ ಲೋಚ್ ಮೀನಿಗೆ ಕಣ್ಣಿನ ಕೆಳಗೊಂದು ಮಡಚುವ ಮುಳ್ಳಿದೆ. ಹಿಡಿದವರಿಗೆ ಚುಚ್ಚಿದಾಗಲೇ ಅದರ ಇರವು ತಿಳಿಯುವುದು. ನೀರಿನಲ್ಲಿ ಆಮ್ಲಜನಕ ಇಳಿದಾಗ ಇದು ಮೇಲೆ ಬಂದು ಗಾಳಿ ನುಂಗಿ ಕರುಳಿನಿಂದಲೇ ಉಸಿರಾಡುತ್ತದೆ. ಬಂಡೆಗೆ ಕಚ್ಚಿಕೊಂಡು ನಿಲ್ಲುವ ಗಾರಾ ಮೀನಿನ ಗದ್ದದಡಿ ದುಂಡನೆಯ ಹೀರುತಟ್ಟೆ ಇದೆ. ಇನ್ನು ಕಡುಗೆಂಪು ಮರಿಗಳ ದಂಡು ಕಂಡರೆ ‘ಇದ್ಯಾವುದೋ ಬಣ್ಣದ ಮೀನು’ ಎಂದು ಮನೆಯ ಗಾಜಿನ ತೊಟ್ಟಿಗೆ ಒಯ್ಯುವವರಿದ್ದಾರೆ. ಅವು ಕೊರಮೀನಿನ ಮರಿಗಳು. ಬೆಳೆದಂತೆ ಕೆಂಪು ಕಳೆದು ಬೂದಿಬಣ್ಣಕ್ಕೆ ತಿರುಗುತ್ತವೆ, ಆ ವೇಳೆಗೆ ತೊಟ್ಟಿಯ ಉಳಿದ ಮೀನುಗಳನ್ನು ತಿಂದು ಮುಗಿಸಿರುತ್ತವೆ.

ಹೆಚ್ಚು ಜನ ಎಡವುವುದು ಸೊಳ್ಳೆಮರಿ ತಿನ್ನುವ ಮೀನಿನಲ್ಲಿ. ಮಲೇರಿಯಾ ತಡೆಯಲೆಂದು ಕರ್ನಾಟಕದ ಬಾವಿ, ಕುಂಟೆಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಬಿಡುತ್ತಾರೆ. ಗಪ್ಪಿ ದಕ್ಷಿಣ ಅಮೆರಿಕದ್ದು. ಉತ್ತರ ಅಮೆರಿಕದ ಗ್ಯಾಂಬೂಸಿಯಾ 1928ರಲ್ಲಿ ಇಟಲಿಯ ದಾರಿಯಾಗಿ ಭಾರತಕ್ಕೆ ಬಂತು. ಅದೇ ಕೆಲಸವನ್ನು ಮೊದಲಿನಿಂದ ಮಾಡಿಕೊಂಡು ಬಂದ ನಾಡ ಮೀನು ಅಪ್ಲೋಕೈಲಸ್. ನೀರಿನ ಮೇಲ್ಮೈಗೆ ಅಂಟಿದಂತೆ ಈಜುವ ಇದರ ನೆತ್ತಿಯ ಮೇಲೆ ಹೊಳೆಯುವ ಬಿಳಿ ಬೊಟ್ಟಿದೆ, ದಡದಲ್ಲಿ ನಿಂತರೂ ಕಾಣುತ್ತದೆ. ಇದು ಮೊಟ್ಟೆಯಿಡುತ್ತದೆ; ಆ ಎರಡು ಮರಿ ಹಾಕುತ್ತವೆ. ಗ್ಯಾಂಬೂಸಿಯಾ ಸೊಳ್ಳೆಮರಿಯ ಜೊತೆಗೆ ಬೇರೆ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ನೆತ್ತಿಯ ಬೊಟ್ಟು ನೋಡದೆ ‘ಸೊಳ್ಳೆ ಮೀನು ಆಗಲೇ ಇದೆ’ ಎಂದೋ ‘ಇಲ್ಲ, ತಂದು ಬಿಡಿ’ ಎಂದೋ ತೀರ್ಮಾನಿಸಿದರೆ ನಷ್ಟ ಹಳ್ಳಕ್ಕೆ.

ಮೀನು ಸಾಕಣೆಯ ಕೈಪಿಡಿಗಳಲ್ಲಿ ಈ ಪುಟ್ಟವುಗಳಿಗೆಲ್ಲ ಒಂದೇ ಹೆಸರು, ಕಳೆಮೀನು. ಗೆಂಡೆ ಮರಿ ಬಿಡುವ ಮೊದಲು ಕೊಳಕ್ಕೆ ಹಿಪ್ಪೆ ಹಿಂಡಿ ಹಾಕಿ ಇವನ್ನು ಕೊಲ್ಲುವುದು ಪದ್ಧತಿ. ಹಿಂಡಿಯಲ್ಲಿರುವ ಸ್ಯಾಪೋನಿನ್ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಸಾಕಣೆಯ ಕೊಳಕ್ಕೆ ಅದು ಸರಿ ಎನ್ನುವವರೂ ಬಾಂಗ್ಲಾದೇಶದ ಕಡೆ ಒಮ್ಮೆ ನೋಡಬೇಕು. ಅಲ್ಲಿ ಮೋಲ ಎಂಬ ಬೆರಳುದ್ದದ ಮೀನನ್ನು ಗೆಂಡೆಗಳ ಜೊತೆಯಲ್ಲೇ ಬೆಳೆಸಬಹುದೆಂದು ತೋರಿಸಿ, ತಲೆ ಕಣ್ಣು ಸಮೇತ ತಿನ್ನುವ ಈ ಮೀನಿನಲ್ಲಿ ಎ ಜೀವಸತ್ವ ಎಷ್ಟು ಹೇರಳ ಎಂದು ಸಾಬೀತುಮಾಡಿದ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಮೋಲದ ಕುಲದ ಮೀನುಗಳು ದಕ್ಷಿಣದ ಕೆರೆಗಳಲ್ಲೂ ಇವೆ, ಕಳೆಯ ಲೆಕ್ಕದಲ್ಲಿ.

ಮೀನನ್ನು ಗುರುತಿಸಲು ಹೊರಟವರು ಅದು ಯಾವ ನೀರಿನದು ಎಂದು ಬರೆದುಕೊಳ್ಳಲೇಬೇಕು. ದೇವರಾಯನದುರ್ಗದ ಬೆಟ್ಟದಿಂದ ಇಳಿಯುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಹಾದು ಉತ್ತರ ಪಿನಾಕಿನಿ ಸೇರುತ್ತದೆ. ಅದೇ ಬೆಟ್ಟದ ಶಿಂಷಾ ಕಾವೇರಿಯ ಪಾಲು. ಸಿರಾ ಕಡೆಯ ನೀರು ವೇದಾವತಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ. ನಾಲ್ಕು ತಾಲ್ಲೂಕುಗಳ ಆಸುಪಾಸಿನಲ್ಲೇ ಮೂರು ನದಿಗಳ ಸೀಮೆ ಹೊಂದಿಕೊಂಡಿದೆ, ಒಂದರ ಮೀನು ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ.

ಹಾಗಾಗಿ ಕೆಲಸ ಇಷ್ಟು: ಚಪ್ಪಟೆ ಗಾಜಿನ ಡಬ್ಬಿಯಲ್ಲಿ ಹಳ್ಳದ್ದೇ ನೀರು ತುಂಬಿ ಮೀನು ಬಿಡುವುದು, ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಚೌಕಟ್ಟಿನಲ್ಲಿ ಅಳತೆಪಟ್ಟಿ ಇರಲಿ, ಮೂತಿಯ ಹತ್ತಿರದ ಇನ್ನೊಂದು ಚಿತ್ರದಲ್ಲಿ ಮೀಸೆ ಕಾಣಲಿ. ಹಳ್ಳದ ಹೆಸರು, ಊರು, ತಾರೀಕು ಬರೆದಿಟ್ಟು ಮೀನನ್ನು ಹಿಡಿದ ಜಾಗದಲ್ಲೇ ಬಿಡಬೇಕು. ದೇವರಾಯನದುರ್ಗದ ಆಚೆ ಹಿಡಿದದ್ದನ್ನು ತಂದು ಜಯಮಂಗಲಿಗೆ ಬಿಟ್ಟರೆ, ಮುಂದೆ ಅಲ್ಲಿ ಬಲೆ ಬೀಸಿದವರಿಗೆ ಅದು ಅಲ್ಲಿನದೇ ಮೀನೋ ಯಾರೋ ತಂದು ಬಿಟ್ಟದ್ದೋ ಎಂದು ಹೇಳಲು ದಾರಿ ಇರುವುದಿಲ್ಲ.