ಆಕಾಶದಿಂದ ಇಳಿಯುವ ಮುನ್ನ

ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಲ್ಲಿ ಬೆಳೆದ ಮಕ್ಕಳಿಗೆ ಬೀಳುವುದರ ಮೊದಲ ಪಾಠವನ್ನು ಮರವೇ ಕಲಿಸುತ್ತದೆ. 60 ಅಡಿ ಎತ್ತರದಿಂದ ಕಳಚಿದ ಕಾಯಿ ಸುಮಾರು ಎರಡು ಸೆಕೆಂಡುಗಳಲ್ಲಿ ನೆಲಕ್ಕೆ ಬಡಿಯುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 65 ಕಿಲೋಮೀಟರು. ಅದೇ ಮರದ ಗರಿಯಿಂದ ಉದುರಿದ ಒಣ ಎಲೆಯಾದರೋ ಗಾಳಿಯಲ್ಲಿ ತೇಲುತ್ತ, ಹೊರಳುತ್ತ ನಿಧಾನವಾಗಿ ಇಳಿಯುತ್ತದೆ. ತನ್ನ ತೂಕಕ್ಕೆ ಹೋಲಿಸಿದರೆ ಎಲೆಯು ಗಾಳಿಗೆ ಒಡ್ಡುವ ಮೈ ಬಹಳ ದೊಡ್ಡದು. ಕಾಯಿಯಂತೆ ಬೀಳಬೇಕಾದ ಮನುಷ್ಯನನ್ನು ಎಲೆಯಂತೆ ಇಳಿಸುವ ಸಾಧನವೇ ಪ್ಯಾರಾಚೂಟ್.

1797ರಲ್ಲಿ ಫ್ರಾನ್ಸಿನ ಗಾರ್ನೆರಿನ್ ಎಂಬಾತನು ಪ್ಯಾರಿಸ್ಸಿನ ಮೇಲೆ ಬಲೂನಿನಲ್ಲಿ ಏರಿ, ಬಟ್ಟೆಯ ಕೊಡೆಯ ಆಸರೆಯಿಂದ ನೆಲಕ್ಕಿಳಿದನು. ಭಾರತೀಯರಲ್ಲಿ ಈ ಸಾಹಸವನ್ನು ಮೊದಲು ಮಾಡಿದವರಲ್ಲಿ ಸೇನೆಯ ವೈದ್ಯ ಎ. ಜಿ. ರಂಗರಾಜ್ ಒಬ್ಬರು; ಅದು 1941ರ ಮಾತು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು 1992ರಿಂದ ಬೆಂಗಳೂರಿನಲ್ಲಿದೆ. ಸೈನಿಕರ ಈ ವಿದ್ಯೆ ಇಂದು ‘ಸ್ಕೈಡೈವಿಂಗ್’ ಎಂಬ ಕ್ರೀಡೆಯೂ ಆಗಿದೆ. ಮೈಸೂರಿನಲ್ಲಿ ಇದರ ಶಿಬಿರಗಳು ನಡೆದಿವೆ.

ಹೊಸಬರು ಸಾಮಾನ್ಯವಾಗಿ ಮೊದಲ ಸಲ ಒಂಟಿಯಾಗಿ ಹಾರುವುದಿಲ್ಲ. ಅನುಭವಿಯಾದ ತರಬೇತುದಾರನ ಮೈಗೆ ಅವರನ್ನು ಬಲವಾದ ಪಟ್ಟಿಗಳಿಂದ ಬಿಗಿದಿರುತ್ತಾರೆ. ವಿಮಾನವು 10,000 ಅಡಿಗೆ ಏರಿದ ಮೇಲೆ ಇಬ್ಬರೂ ಒಟ್ಟಿಗೆ ಧುಮುಕುತ್ತಾರೆ. ಮೊದಲ ಹತ್ತು ಹನ್ನೆರಡು ಸೆಕೆಂಡುಗಳವರೆಗೆ ವೇಗ ಏರುತ್ತದೆ. ಗಂಟೆಗೆ ಸುಮಾರು 200 ಕಿಲೋಮೀಟರು ತಲುಪಿದಾಗ ಗಾಳಿಯ ತಡೆಯು ಭೂಮಿಯ ಸೆಳೆತಕ್ಕೆ ಸಮವಾಗಿ, ವೇಗ ಅಲ್ಲಿಗೇ ನಿಲ್ಲುತ್ತದೆ. 5,000 ಅಡಿಯ ಆಸುಪಾಸಿನಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಅರ್ಧ ನಿಮಿಷದ ಬೀಳುವಿಕೆ ಮುಗಿದು, ಐದಾರು ನಿಮಿಷಗಳ ಶಾಂತವಾದ ಇಳಿತ ಆರಂಭವಾಗುತ್ತದೆ.

ಬೀಳುವಾಗ ಗಾಳಿಯ ಭೋರ್ಗರೆತದಲ್ಲಿ ಮಾತು ಕೇಳಿಸದು. ಭಯದಲ್ಲಿ ಬುದ್ಧಿಯೂ ಮಂಕಾಗಬಹುದು. ಆದುದರಿಂದ ಕಲಿಯಬೇಕಾದುದನ್ನೆಲ್ಲ ನೆಲದ ಮೇಲೆಯೇ ಮೈಗೂಡಿಸಿಕೊಳ್ಳಬೇಕು. ಹೊಟ್ಟೆಯನ್ನು ಮುಂದೆ ಮಾಡಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದು, ತಲೆಯನ್ನು ಹಿಂದಕ್ಕೆ ಚಾಚುವುದು, ನೆಲ ಮುಟ್ಟುವ ಮುನ್ನ ಹೇಳಿದಂತೆ ಕಾಲುಗಳನ್ನು ಮೇಲೆತ್ತುವುದು, ಇವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಮುಖ್ಯ ಪ್ಯಾರಾಚೂಟ್ ಕೆಟ್ಟರೆ ನೆರವಾಗಲು ಮೀಸಲು ಪ್ಯಾರಾಚೂಟ್ ಇರುತ್ತದೆ. ಒಂಟಿಯಾಗಿ ಹಾರಲು ಕಲಿಯುವವನಂತೂ ಅದರ ಹಿಡಿಕೆಯನ್ನು ಕಣ್ಣುಮುಚ್ಚಿ ಹಿಡಿಯಬಲ್ಲಷ್ಟು ಪಳಗಿರಬೇಕು.

ತನ್ನ ವಿಷಯದಲ್ಲಿ ಸತ್ಯವನ್ನು ಹೇಳುವುದು ಹೊಸಬನ ಮೊದಲ ಕರ್ತವ್ಯ. ತೂಕ, ಹೃದಯದ ದೌರ್ಬಲ್ಯ, ಮೂರ್ಛೆರೋಗ, ಬೆನ್ನಿನ ಅಥವಾ ಮೊಣಕಾಲಿನ ಹಳೆಯ ಪೆಟ್ಟು, ಇವುಗಳಲ್ಲಿ ಯಾವುದನ್ನು ಸಂಕೋಚದಿಂದ ಮುಚ್ಚಿಟ್ಟರೂ ಅಪಾಯ ಅವನೊಬ್ಬನದಾಗಿ ಉಳಿಯದು. ಬೆನ್ನಿಗೆ ಕಟ್ಟಿಕೊಂಡಿರುವ ತರಬೇತುದಾರನಿಗೂ ತಟ್ಟುತ್ತದೆ.

ಇನ್ನು ಸ್ಥಳ ಮತ್ತು ಗಾಳಿಯ ವಿಚಾರ. ಮೇಲಿನಿಂದ ನೋಡುವವನಿಗೆ ತಿಪಟೂರು, ತುರುವೇಕೆರೆಗಳ ತೋಟಗಳು ಹಸಿರು ಹಾಸಿಗೆಯಂತೆ ಕಂಡಾವು. ಆದರೆ ಇಳಿಯುವವನಿಗೆ ಅವು ಕಂಬಗಳ ಕಾಡು. ಮರ, ಕೆರೆ, ವಿದ್ಯುತ್ ತಂತಿಗಳಿಲ್ಲದ ವಿಶಾಲವಾದ ಬಯಲೇ ಇಳಿಯಲು ತಕ್ಕ ನೆಲ. ಗಾಳಿ ಬಿರುಸಾದರೆ ಅಂದಿನ ಹಾರಾಟವನ್ನು ನಿಲ್ಲಿಸುತ್ತಾರೆ. ದಿನವಿಡೀ ಕಾದು ಬರಿಗೈಯಲ್ಲಿ ಹಿಂದಿರುಗಲು ಹೊಸಬನು ಸಿದ್ಧನಾಗಿರಬೇಕು.

ಕೊನೆಯದಾಗಿ ಒಂದು ಮಾತು. ಬಾಗಿಲ ಬಳಿ ನಿಂತಾಗ ಮನಸ್ಸು ಒಪ್ಪದಿದ್ದರೆ ‘ನನ್ನಿಂದಾಗದು’ ಎನ್ನಲು ಹಿಂಜರಿಯಬೇಕಾಗಿಲ್ಲ. ತೆಂಗಿನ ಮರವೇರುವ ನುರಿತ ಕೆಲಸಗಾರನೂ ಮಳೆಗೆ ನೆನೆದು ಜಾರುವ ಮರವನ್ನು ಕಂಡು ‘ಇಂದು ಬೇಡ’ ಎಂದು ಹಿಂದೆ ಸರಿಯುತ್ತಾನೆ. ಅವನನ್ನು ಯಾರೂ ಹೇಡಿಯೆನ್ನುವುದಿಲ್ಲ. ವಿವೇಕವಿಲ್ಲದ ಧೈರ್ಯ ಮೀಸಲಿಲ್ಲದ ಪ್ಯಾರಾಚೂಟಿನಂತೆ. ಮೇಲಕ್ಕೆ ಕೊಂಡೊಯ್ದ ವಿಮಾನವೇ ಮನಸ್ಸು ಬದಲಿಸಿದವನನ್ನು ಸುರಕ್ಷಿತವಾಗಿ ಕೆಳಕ್ಕೂ ತರುತ್ತದೆ.